ಕತ್ತರಿಸಿದ್ದು ವಾಪಸ್ ಇಲ್ಲ

೧೪, ಮಂಗಳವಾರ

ಔಷಧಿ ಅಂಗಡಿಯ ನನ್ನ ಕೌಂಟರಿಗೆ ಇವತ್ತು ಒಬ್ಬರು ಹೆಂಡತಿಯ ಮಾತ್ರೆಗಳನ್ನು ವಾಪಸ್ ತಂದಿದ್ದರು. ಎಲ್ಲ ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು. ಯಾಕೆ ಬೇಡವಾಯಿತು ಅಂತ ನಾನು ಕೇಳಲಿಲ್ಲ, ಯಾರನ್ನೂ ಕೇಳುವುದಿಲ್ಲ. "ಕತ್ತರಿಸಿದ್ದು ತಗೊಳ್ಳಲ್ಲ" ಅಂದೆ, ತಲೆ ಎತ್ತದೆ. ಅವರು ಚೀಲಕ್ಕೆ ತುಂಬಿಕೊಂಡು ಹೋದರು. ಶಾಲೆಗೆ ರಜೆ ಅಂತ ಮಗಳು ನನ್ನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದಳು.

ಸಂಜೆ ಮನೆಯಲ್ಲಿ ಅವಳದ್ದೂ ಔಷಧಿ ಅಂಗಡಿ. ದಿಂಬೇ ಕೌಂಟರು, ಖಾಲಿ ಸ್ಟ್ರಿಪ್‌ಗಳೇ ಸರಕು. ಅಂಗಡಿಯಾಟದಲ್ಲಿ ಮಕ್ಕಳು ಎಣಿಕೆ ಕಲಿಯುತ್ತಾರೆ ಅಂತಾರೆ ಅವಳ ಟೀಚರ್. ಇವಳು ಕಲಿತಿರುವುದು ನನ್ನನ್ನು. ಮುಖ ನೋಡದೆ "ಮುಂದಿನವರು ಬನ್ನಿ" ಅನ್ನುತ್ತಾಳೆ, ನನ್ನದೇ ಧ್ವನಿ. ನಗು ಬರಬೇಕಿತ್ತು. ಈಗೀಗ ಏನೂ ಬರುವುದಿಲ್ಲ. ಅಮ್ಮ ಹೋದ ದಿನವೂ ಕೊರಡಿನ ಹಾಗೆ ನಿಂತಿದ್ದೆ.

ನಾನು ಗಿರಾಕಿ. ಕೈಗೆ ಸಿಕ್ಕ ತುಂಡು ಸ್ಟ್ರಿಪ್ ಮುಂದಿಟ್ಟು "ಇದು ವಾಪಸ್" ಅಂದೆ.

"ಕತ್ತರಿಸಿದ್ದು ತಗೊಳ್ಳಲ್ಲ" ಅಂದವಳು ಅದೇನನ್ನಿಸಿತೋ, ತಲೆ ಎತ್ತಿದಳು. "ಯಾಕೆ ಬೇಡ ಆಯ್ತು?"

ಆಟ ತಾನೇ. "ನಮ್ಮಮ್ಮ ಸತ್ತುಹೋದ್ರು" ಅಂದೆ. ಎರಡು ತಿಂಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ನೆಂಟರಿಗೆಲ್ಲ ಅಣ್ಣನೇ ಫೋನ್ ಮಾಡಿದ್ದ.

ಅವಳು ದಿಂಬು ಸರಿಸಿ ಎರಡೂ ಕೈ ಚಾಚಿದಳು. "ಹಾಗಾದ್ರೆ ಕೊಡಿ. ಎಷ್ಟಿದ್ರೂ ತಗೋತೀನಿ."

ಕೊಟ್ಟೆ.

ಬೆಳಗ್ಗೆ ಬಂದವರ ಮುಖ ನೆನಪು ಮಾಡಿಕೊಳ್ಳುತ್ತಿದ್ದೇನೆ. ಚೀಲ ಹಿಡಿದ ಕೈ ಬರುತ್ತದೆ, ಅಂಗಿಯ ಗುಂಡಿ ಬರುತ್ತದೆ, ಅದರ ಮೇಲೆ—