ಬಾವಿಯೊಳಗಿನ ಕರಿಗೋಡೆ

ಬಿಳಿಚೋಡು, ೧೨ ಮಾರ್ಚ್ ೧೯೪೧, ಬುಧವಾರ

ಇವತ್ತೂ ನೀರಿಲ್ಲ. ನೀರು ನೋಡುವವನ ಅಂಗೈಮೇಲಿನ ತೆಂಗಿನಕಾಯಿ ಎದ್ದು ನಿಂತ ಜಾಗವೆಂದು ನಾನೇ ಹಟ ಹಿಡಿದು ತೋಡಿಸಿದ ಬಾವಿ. ತಳದಲ್ಲಿ ಕರಿಕಲ್ಲು ಅಡ್ಡ ಬಂದಿದೆ.

ಭೂಗರ್ಭ ಇಲಾಖೆಯ ಹುಡುಗ ಇಳಿದು ನೋಡಿದ. ಯಾವುದೋ ಕಾಲದಲ್ಲಿ ಕುದಿಯುವ ಕಲ್ಲಿನ ರಸ ಹಳೆಯ ಬಿಳಿಬಂಡೆಯನ್ನು ಸೀಳಿ ಮೇಲೆದ್ದು ಗೋಡೆಯಂತೆ ಹೆಪ್ಪುಗಟ್ಟಿತಂತೆ. ಆಮೇಲೆ ಭೂಮಿಯೇ ಎರಡನ್ನೂ ಹಿಂಡಿ ಸೊಟ್ಟ ಮಾಡಿತಂತೆ.

“ನೀರೆಲ್ಲ ಗೋಡೆ ಆಚೆಗೆ ನಿಂತೈತ್ರೀ ಅಮ್ಮಾ.”

ಆಚೆಯದು ಮೈದುನ ಓಬಣ್ಣನ ಹೊಲ. ಆಸ್ತಿ ಪಾಲಾದಂದಿನಿಂದ ನಮಗೆ ಮಾತಿಲ್ಲ. ಇವತ್ತು ಬದುವಿನ ಮೇಲೆ ನಿಂತು ಹಲ್ಲು ಕಿರಿದ. “ಅತ್ತಿಗೆಮ್ಮಾ, ಆ ಗೋಡೆ ನಾ ಕಟ್ಟಿದ್ದಲ್ಲ! ಕೊಡ ತಗಂಡು ಬರ್ರಿ, ನೀರು ಕೊಡಾಕೆ ನಾನಿದೀನಿ.”

ಮೈಯೆಲ್ಲ ಉರಿಯಿತು. ನಾಳೆಯೇ ಸಿಡಿಮದ್ದು ತರಿಸಿ ಒಡೆಸುತ್ತೇನೆ. ಒಡೆಯದಿದ್ದರೆ ಸೊಸೆ ಬೇಕಾದರೆ ಕೊಡ ಹೊತ್ತು ಹೋಗಲಿ. ನಾನಂತೂ ಈ ಜನ್ಮದಲ್ಲಿ ಆ ಬದು ದಾಟುವುದಿಲ್ಲ.