ನಿನ್ನ ಗಿಟಾರ್ ಪೆಟ್ಟಿಗೆ ಮೋಸದ್ದಲ್ಲ

ದೋಸ್ತ ಚನ್ನಬಸು,

ನೀನು ಹೋದ ಮೇಲೆ ನಿನ್ನ ಬಗ್ಗೆ ಯಾರೂ ಕೆಟ್ಟ ಮಾತು ಆಡಲಿಲ್ಲ. ನಿನ್ನ ಗಿಟಾರಿನ ಪೆಟ್ಟಿಗೆಯ ಬಗ್ಗೆ ಆಡಿದರು. ನನಗೆ ಎರಡೂ ಒಂದೇ. ಹುನಗುಂದದ ಶೋಕಸಭೆಯಲ್ಲಿ ನಿಮ್ಮ ಆರ್ಕೆಸ್ಟ್ರಾದ ಯಜಮಾನ ಸಂಗಪ್ಪ ಎದ್ದು ನಿಂತು, "ಚನ್ನಬಸು ಭಾಳ ಛಲೋ ಮನಶ್ಯಾ. ಆದ್ರ ಪೆಟ್ಟಿಗಿ ತಗೊಳ್ಳೂದ್ರಾಗ ಮೋಸ ಹೋದ, ಪಾಪ" ಅಂದ. ಸತ್ತವನ ಮುಂದೆ ಆಡುವ ಮಾತೇ ಅದು? ಜನ ತಲೆಯಾಡಿಸಿದರು. ನಿನ್ನ ಹೆಂಡತಿ ಗಂಗಾ ವೈನಿಯೂ ತಲೆಯಾಡಿಸಿದ್ದನ್ನು ನೋಡಿ ನನ್ನ ಮೈ ಉರಿಯಿತು.

ಆ ಪೆಟ್ಟಿಗೆ ಇಳಕಲ್ಲಿಗೆ ಬಂದ ದಿನ ನೆನಪಿದೆಯೇ? ತುರ್ತುಪರಿಸ್ಥಿತಿ ಮುಗಿದ ವರ್ಷ. ನೀನು ಮುಂಬೈಯಿಂದ ತಂದದ್ದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದಿದ್ದೆ. ಗಿಟಾರಿನ ಸಪ್ಪಳ ಏರಿಸುವ ಆಂಪ್ಲಿಫೈಯರ್ ಅದರೊಳಗೇ, ಸ್ಪೀಕರ್ ಅದರೊಳಗೇ. ಹಿಡಿಕೆ ಹಿಡಿದು ಒಬ್ಬನೇ ಎತ್ತಬಹುದು. ನನ್ನನ್ನು ನಿನ್ನ ಪಡಸಾಲೆಯಲ್ಲಿ ಕೂಡಿಸಿ, "ಕಣ್ಣ ಮುಚ್ಚಲೇ. ಒಂದ ತಂತಿ ಬಾರಸ್ತೇನಿ. ಸಪ್ಪಳ ಯಾವಾಗ ಮುಗೀತು ಹೇಳು" ಅಂದೆ. ನಾನು ಮುಗಿಯಿತು ಅಂದಾಗಲೆಲ್ಲ ನೀನು ನಕ್ಕೆ. ಮುಗಿದಿರಲಿಲ್ಲ. ಕಿವಿಗೊಟ್ಟರೆ ಇನ್ನೂ ಇತ್ತು, ತೆಳ್ಳಗೆ, ಒಡೆಯದೆ. ಆಮೇಲೆ ಎಲ್ಲ ತಂತಿ ಒಟ್ಟಿಗೆ ಮೀಟಿದೆ. ಒಂದರ ಮೇಲೊಂದು ಬಿದ್ದು ರಾಡಿಯಾಗಲಿಲ್ಲ; ಒಂದೊಂದು ತಂತಿಯೂ ತನ್ನ ಜಾಗದಲ್ಲೇ ಕೇಳಿಸಿತು. ಅದಕ್ಕೇ ಅಲ್ಲವೇ ನೀನು ಅದನ್ನು ಆರಿಸಿದ್ದು?

ಅದರ ಕುಂದುಗಳನ್ನೂ ನೀನೇ ಅವತ್ತು ಹೇಳಿದ್ದೆ. ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಆಚೆ ತಿರುಗಿಸಿದರೆ ಹಂಡೆಯೊಳಗಿಂದ ಮಾತಾಡಿದಂತಾಗುತ್ತದೆ. ಸಂಜೆ ಇಳಕಲ್ಲಿನಲ್ಲಿ ಕರೆಂಟು ಇಳಿದಾಗ ಗುಂಯ್‌ಗುಡುತ್ತದೆ. ಬಯಲಾಟಕ್ಕೆ ಇದು ಸಾಲದು, ಮದುವೆಯ ಅಂಗಳಕ್ಕೆ ಸಾಕು. ಇಷ್ಟು ನೇರವಾಗಿ ತನ್ನದೇ ವಸ್ತುವನ್ನು ತೂಗಿದವನು ಮೋಸ ಹೋದವನೇ? ವೈನಿ ಆಗ ಬಾಗಲಕೋಟೆಯ ತವರಿನಲ್ಲಿದ್ದರು. ಅವರು ಬರುವಷ್ಟರಲ್ಲಿ ಪೆಟ್ಟಿಗೆ ಹುನಗುಂದದ ಆರ್ಕೆಸ್ಟ್ರಾ ಕೋಣೆ ಸೇರಿತ್ತು. ಅವರು ಅದನ್ನು ಕೇಳಿದ್ದು ಒಂದೇ ಸಲ, ಆ ಹಾಳು ಮದುವೆಯಲ್ಲಿ.

ಆ ಮದುವೆಯನ್ನು ಹೇಗೆ ಮರೆಯಲಿ? ನಮ್ಮ ಕಡೆ ಆಯೇರಿ, ಅಂದರೆ ಮದುವೆಯ ಉಡುಗೊರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗದಿದ್ದರೆ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ಬಸ್‌ಸ್ಟ್ಯಾಂಡಿನವರೆಗೆ ಕೇಳಿದರೆ ಸಪ್ಪಳ ಛಲೋ, ಕೇಳದಿದ್ದರೆ ಡಬ್ಬಿ. ಇದೇ ನಮ್ಮ ಅಳತೆ. ಅವತ್ತು ಮೈಕಿನ ಹಾರ್ನಿನ ಮಷೀನು ಕೆಟ್ಟಿತ್ತು. ಸಂಗಪ್ಪನ ಕಣ್ಣು ನಿನ್ನ ಪೆಟ್ಟಿಗೆಯ ಮೇಲೆ ಬಿತ್ತು.

"ಇದಕ್ಕ ವಾಯರ್ ಚುಚ್ಚೂ ತೂತು ಎರಡ ಅದಾವಲ್ಲಲೇ! ಒಂದು ಖಾಲಿನs ಐತಿ. ಮೈಕ್ ಹಚ್ಚು."

"ಯಜಮಾನ್ರ, ಅದು ಇನ್ನೊಂದು ಗಿಟಾರಿಗೆ ರೀ. ಮೈಕ್ ಇದರ ಮುಂದ ಬಂದ್ರ ಕಿರಚತೈತಿ."

"ಖಾಲಿ ಇಟ್ಟು ಏನ್ ಪೂಜಿ ಮಾಡ್ತೀ? ಹಚ್ಚಲೇ!"

ಹಚ್ಚಿದರು. ಹೆಸರು ಕೂಗುವವನು ಸರಿಯಾಗಿ ಸ್ಪೀಕರಿನ ಎದುರೇ ನಿಂತ. ಮದುಮಗಳ ಸೋದರಮಾವ ತಾಮ್ರದ ಕೊಡ ಕೊಟ್ಟಿದ್ದ. ಅವನ ಹೆಸರಿನ ಹೊತ್ತಿಗೇ ಪೆಟ್ಟಿಗೆ ಕುಂಯ್ ಎಂದು ಕಿರುಚಿತು. ಅವನು ರುಮಾಲು ಕಿತ್ತು ಎದ್ದ: "ಎಲ್ಲಾರ ಹೆಸರೂ ಕೇಳಿದ್ವು, ನನ್ನ ಹೆಸರಿಗಷ್ಟs ಕುಂಯ್ ಅಂತಲ್ಲೋ! ನಾ ಕೊಟ್ಟದ್ದು ಕೊಡಾನೋ, ನಾಯಿಮರೀನೋ?" ಚಪ್ಪರವೆಲ್ಲ ನಕ್ಕಿತು. ನೀನೊಬ್ಬ ನಗಲಿಲ್ಲ. ಹೆಂಗಸರ ನಡುವೆ ಕೂತಿದ್ದ ವೈನಿ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು.

ಮರುದಿನ ಸಂಗಪ್ಪ ಎಲ್ಲ ಗುಂಡಿಗಳನ್ನೂ ತುದಿಗೆ ತಿರುಗಿಸಿ, ತಂತಿಗಳ ಮೇಲೆ ಅಂಗೈ ಬಡಿದು, ಬೀದಿಯಲ್ಲಿ ನಿಂತವರನ್ನು ಕೇಳಿದ: "ಹೆಂಗ ಐತಿ?" ಅವರು, "ಖರಖರ ಅಂತೈತ್ರಿ." ಮುಗಿಯಿತು. ಪೆಟ್ಟಿಗೆಯ ಜೊತೆ ನಿನ್ನನ್ನೂ ಆರ್ಕೆಸ್ಟ್ರಾದಿಂದ ಹೊರಗೆ ಹಾಕಿದರು. ಇದು ಪರೀಕ್ಷೆಯೇ? ಇಳಕಲ್ ಸೀರೆಯ ಮೇಲೆ ಜೋಳ ಒಣಹಾಕಿ, ನೇಯ್ಗೆ ಸರಿಯಿಲ್ಲ ಅನ್ನುತ್ತೇವೆಯೇ? ಒಂದು ಮಾತಾದರೂ ತಿರುಗಿ ಆಡಬಾರದಿತ್ತೇ ನೀನು? ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ, ಗಿಟಾರನ್ನು ಗೋಡೆಗೆ ತೂಗುಹಾಕಿದೆ. ವೈನಿ ಕೇಳಿದಾಗಲೂ ಬಾಯಿ ಬಿಡಲಿಲ್ಲವಂತೆ. ಆ ಮೌನದಿಂದಲೇ ಅವರು ನೀನು ಮೋಸ ಹೋದದ್ದು ನಿಜ ಅಂದುಕೊಂಡರು.

ಶೋಕಸಭೆಯ ಕೊನೆಗೆ ಸಂಗಪ್ಪ ಇನ್ನೊಂದು ಮಾತು ಹೇಳಿದ. ನಿನ್ನ ನೆನಪಿಗಾಗಿ ಪೆಟ್ಟಿಗೆಯನ್ನು ಭಜನಾ ಮಂಡಳಿಗೆ ಕೊಡುತ್ತಾರಂತೆ, ಮೈಕ್ ಹಚ್ಚಲು! ನಾನು ವೈನಿಯ ಹತ್ತಿರ ಓಡಿಹೋಗಿ ಬೇಡ ಅಂದೆ. ವೈನಿ, "ಒಯ್ಯಲಿ ಬಿಡ್ರಿ ಅಣ್ಣಾರ. ಅವರಿಗೆ ಮೋಸ ಮಾಡಿದ್ದು ಮನ್ಯಾಗ ಯಾಕ?" ಅಂದರು. ಚನ್ನಬಸು, ಸಂಗಪ್ಪ ಏನಾದರೂ ಅಂದುಕೊಳ್ಳಲಿ. ಆದರೆ ನಿನ್ನ ಮನೆಯಲ್ಲೇ ನೀನು ಮೋಸ ಹೋದವನಾಗಿ ಉಳಿಯಬೇಕೇ?

ಬಾದಾಮಿಗೆ ಹೋಗಿ ಅಲ್ಲಿ ಗಿಟಾರ್ ನುಡಿಸುವ ಮೆಹಬೂಬನನ್ನು ನಿನ್ನ ಮನೆಗೆ ಕರೆತಂದೆ. ಅವನು ಧೂಳು ಒರೆಸಿದ, ನಿನ್ನ ಗಿಟಾರಿನ ತಂತಿ ಬಿಗಿದು ಹಚ್ಚಿದ, ಸಪ್ಪಳ ಸಣ್ಣಗಿಟ್ಟು ನುಡಿಸತೊಡಗಿದ. ವೈನಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದರು.

"ಇಷ್ಟು ಮೆತ್ತಗ ಮಾತಾಡ್ತೈತೇನು ಇದು?"

"ಇದರ ಮಾತs ಇದು ರೀ ಅಕ್ಕಾರ," ಅಂದ ಮೆಹಬೂಬ. "ಭಾಳ ಕೇಳಿ, ನೋಡಿ ತಂದಾರ ಅವರು."

ಅವರು ಹೊಸ್ತಿಲ ಮೇಲೆ ಕೂತರು. "ಹಂಗಾರ ಅವರು ಮೋಸ ಹೋಗಿದ್ದಿಲ್ಲ..." ಅಂದರು.

ನಿನಗೆ ಮುಟ್ಟಿಸಬೇಕಾದ ಸುದ್ದಿ ನಿನ್ನೆಯದು. ಸಂಗಪ್ಪ ಕೈಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದ, ಜೊತೆಗೆ ನಿಮ್ಮ ಆರ್ಕೆಸ್ಟ್ರಾದವರು. "ಗಂಗವ್ವಾ, ಪೆಟ್ಟಿಗಿ ಕೊಡು" ಅಂದ. ನಾನು ಬಾಯಿ ತೆರೆಯುವ ಮೊದಲೇ ವೈನಿ ಬಾಗಿಲಿಗೆ ಅಡ್ಡ ನಿಂತರು.

"ಕೊಡೂದಿಲ್ರಿ. ಹೆಂಗೈತಿ ಅಂತ ಕೇಳೂದಿದ್ರ ಚಪ್ಪಲಿ ಬಿಟ್ಟು ಒಳಗ ಬಂದು ಕೂತು ಕೇಳ್ರಿ."

ಸಂಗಪ್ಪ ಕೈಗಾಡಿ ತಿರುಗಿಸಿದ. ಅವನ ಜೊತೆ ಬಂದಿದ್ದ ತಬಲಾದ ಹನಮಂತ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದ.