ಹತ್ತು ಅಂಕಿಯ ಜಾಗ

ಫಕ್ಕೀರೇಶಣ್ಣ,

ಇವತ್ತು ಚಿಕ್ಕೇರೂರಿನಲ್ಲಿ ಪರಮೇಶಪ್ಪನವರ ಬಾವಿಯ ಮೋಟರ್ ಬಂದ್ ಮಾಡಿದ್ದರೂ ತಾನಾಗಿಯೇ ಚಾಲೂ ಆಯಿತು. "ನಿನ್ನ ಡಬ್ಬ್ಯಾಗ ದೆವ್ವ ಹೊಕ್ಕೈತೇನಲೇ?" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಫೋನಿನಿಂದ ಮೋಟರ್ ನಡೆಸುವ ಆ ಡಬ್ಬಿಯ ಕರ್ನಲ್, ಅಂದರೆ ಅದರ ಮೂಲ ಕೋಡ್, ತೆರೆದು ನೋಡಿದೆ. ಮೆಸೇಜ್ ಕಳಿಸಿದವರ ನಂಬರ್ ಇಡುವ ಬಫರಿಗೆ ನಾನು ಹತ್ತು ಅಂಕಿಯಷ್ಟೇ ಜಾಗ ಬಿಟ್ಟಿದ್ದೆ. ಕೆಲವು ಸಿಮ್‌ಗಳ ನಂಬರಿಗೆ ಮುಂದೆ +91 ಸೇರಿ ಬರುತ್ತದೆ. ಹೆಚ್ಚಾದ ಮೂರು ಅಕ್ಷರಗಳು ಪಕ್ಕದ ಜಾಗದ ಮೇಲೆ ಬೀಳುತ್ತವೆ. 'ಮೋಟರ್ ಬಂದ್' ಎಂಬ ಗುರುತು ಇರುವುದು ಅಲ್ಲೇ. ಅದು ಅಳಿಸಿಹೋದರೆ ಮೋಟರ್ ತಿರುಗುತ್ತದೆ.

ಜಾಗವನ್ನು ಮೂವತ್ತೆರಡಕ್ಕೆ ಏರಿಸಿದೆ. ಬದಲಿಸಿದ್ದು ಒಂದೇ ಸಾಲು.

ಕೂಡಲೇ ತಡಸಕ್ಕೆ, ನಿಮ್ಮ ಮನೆಗೆ, ಫೋನ್ ಹಚ್ಚಿದೆ. ಶಾಲೆ ಬಿಟ್ಟ ನನಗೆ ಕೆಲಸ ಕಲಿಸಿದವರು ನೀವು. ಅದಕ್ಕೇ ಮೊದಲ ಡಬ್ಬಿಯನ್ನು ನಿಮ್ಮ ಬಾವಿಗೇ ಕೂಡಿಸಿದ್ದೆ.

"ಹೇಮಕ್ಕಾ, ನಾ ಬರೂತನಕ ಮೋಟರಿನ ಮೇನ್ ಸ್ವಿಚ್ ತಗದಿಡ್ರಿ. ಡಬ್ಬಿ ನಂಬಬ್ಯಾಡ್ರಿ."

"ಯಾಕೋ? ಮೇನ್ ತಗೀಲಾರದ ಮೋಟರಿಗೆ ಕೈ ಹಾಕಿ ಜೀವಾ ಕಳಕೊಂಡ್ರು ಅಂತ ಮಂದಿ ಇನ್ನೂ ನಮ್ಮನಿಯವರನ್ನ ಬೈತಾರ. ಡಬ್ಬಿ ನಂಬ್ರಿ ಅಂತ ಅವತ್ತ ಅವರಿಗೆ ಹೇಳಿದವರು ಯಾರು?"

ನಿಮಗೆ ಹಾಗೆ ಹೇಳಿದವನು ನಾನೇ. ಫೋನ್ ಇಟ್ಟು ತಡಸದ ಬಸ್ಸು ಹತ್ತಿದೆ. ಇನ್ನೂ ಒಂಬತ್ತು ಬಾವಿಗಳ ಮೇಲೆ ಇದೇ ಡಬ್ಬಿಗಳಿವೆ. ಆ ರೈತರಿಗೂ ಹೇಳಬೇಕು, ಅವರೂ ಯಾಕೆ ಎಂದು ಕೇಳುತ್ತಾರೆ.

ಬಸ್ಸು ಈಗ ಶಿಗ್ಗಾಂವ ದಾಟಿತು. ನಿಮ್ಮ ಮನೆಯಲ್ಲಿ ಹೇಮಕ್ಕ ಮೇನ್ ತೆಗೆದು, ನನ್ನ ದಾರಿ ನೋಡುತ್ತ ಕುಳಿತಿರುತ್ತಾರೆ.